ಒದ್ದಾಡುತ್ತಿದ್ದೆ ಎಂದರೆ ಯಾವಾಗ?

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಒಂದೆರಡು ತಾಸು ಕನ್ನಡ ಹೇಳಿಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅಕ್ಷರ ಕಲಿಸುವುದು ಸುಲಭ, ಒತ್ತಕ್ಷರ ಸ್ವಲ್ಪ ಕಷ್ಟ, ಕ್ರಿಯಾಪದಕ್ಕೆ ಬಂದಾಗ ನಿಜವಾದ ಪರೀಕ್ಷೆ. ಅದರಲ್ಲೂ ಒಂದು ವಾಕ್ಯ ಪ್ರತಿ ವರ್ಷ ತಪ್ಪದೆ ಎದುರಾಗುತ್ತದೆ. 'ಐ ವಾಸ್ ಸ್ಟ್ರಗ್ಲಿಂಗ್' ಎನ್ನುವುದನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಮಕ್ಕಳ ಉತ್ತರ ಸಿದ್ಧವಾಗಿರುತ್ತದೆ: 'ನಾನು ಸ್ಟ್ರಗಲ್ ಮಾಡ್ತಾ ಇದ್ದೆ.' ಹಿಂದಿ ಚೆನ್ನಾಗಿ ಬರುವವರು 'ನಾನು ಸಂಘರ್ಷ ಮಾಡುತ್ತಿದ್ದೆ' ಎನ್ನುತ್ತಾರೆ. ಹಿಂದಿಯಲ್ಲಿ 'ಸಂಘರ್ಷ್ ಕರ್ ರಹಾ ಥಾ' ಎಂದರೆ ಬದುಕು ಕಟ್ಟಿಕೊಳ್ಳಲು ಕಷ್ಟಪಡುತ್ತಿದ್ದ ಎಂದರ್ಥ. ಕನ್ನಡದಲ್ಲಿ ಸಂಘರ್ಷ ಎಂದರೆ ತಿಕ್ಕಾಟ, ಘರ್ಷಣೆ. ಊರಿನಲ್ಲಿರುವ ಅಜ್ಜ ಫೋನಿನಲ್ಲಿ ಈ ಮಾತು ಕೇಳಿದರೆ ಮೊಮ್ಮಗ ಯಾರ ಜೊತೆಗೋ ಹೊಡೆದಾಟಕ್ಕೆ ಇಳಿದಿದ್ದಾನೆಂದು ಗಾಬರಿಯಾದಾರು.

ಸ್ಟ್ರಗಲ್ ಎಂಬ ಪದ ಈ ಊರಿನ ಗಾಳಿಯಲ್ಲೇ ಇದೆ. ಅಂಧೇರಿಯ ಕಡೆ ಸಿನಿಮಾ ಅವಕಾಶಕ್ಕಾಗಿ ಅಲೆಯುವವರಿಗೆ 'ಸ್ಟ್ರಗ್ಲರ್' ಎನ್ನುವುದು ಹೆಚ್ಚುಕಡಿಮೆ ಉದ್ಯೋಗದ ಹೆಸರು. ಹಾಗಾಗಿ ಮಕ್ಕಳನ್ನು ದೂರುವಂತಿಲ್ಲ. ಇಂಗ್ಲಿಷ್ ಪದ ಬಳಸಿದರೆ ಭಾಷೆ ಕೆಟ್ಟುಹೋಯಿತು ಎನ್ನುವವನೂ ನಾನಲ್ಲ. ನನ್ನ ತಕರಾರು ಬೇರೆ. ಈ ಒಂದು ಪದ ಒಳಗೆ ಬರುವಾಗ ಕನ್ನಡದ ಎಂಟು ಹತ್ತು ಪದಗಳನ್ನು ಹೊರಗೆ ತಳ್ಳಿಬಿಡುತ್ತದೆ, ಮತ್ತು ಆ ಎಂಟು ಹತ್ತು ಒಂದೇ ಅರ್ಥದವಲ್ಲ.

ಒದ್ದಾಡು ಎಂದರೆ ಒದ್ದು ಆಡು. ಕೈಕಾಲು ಬಡಿಯುವ ದೇಹದ ಚಿತ್ರ ಅದರಲ್ಲಿದೆ. ನೀರಿನಿಂದ ಹೊರಗೆ ಬಿದ್ದ ಮೀನು ಒದ್ದಾಡುತ್ತದೆ, ಜ್ವರ ಬಂದವರು ಒದ್ದಾಡುತ್ತಾರೆ, ಮನಸ್ಸು ಒದ್ದಾಡುವುದು ಆಮೇಲಿನ ಮಾತು. ಪರದಾಡು ಎಂದರೆ ಬೇಕಾದ್ದು ಸಿಗದೆ ಅಲ್ಲಿಂದಿಲ್ಲಿಗೆ ಓಡಾಡುವುದು. ಬೇಸಿಗೆ ಬಂದರೆ ಪತ್ರಿಕೆಗಳು 'ನೀರಿಗಾಗಿ ಪರದಾಟ' ಎಂದು ಬರೆಯುತ್ತವೆ, 'ನೀರಿಗಾಗಿ ಒದ್ದಾಟ' ಎಂದು ಬರೆಯುವುದು ಕಡಿಮೆ. ತಡಕಾಡುವುದು ಕತ್ತಲೆಯಲ್ಲಿ, ಅಥವಾ ಮಾತು ಸಿಗದಾಗ. ತಿಣುಕುವುದು ಭಾರ ಹೊತ್ತಾಗ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ಕುಮಾರವ್ಯಾಸ ಚೇಷ್ಟೆ ಮಾಡಿದ್ದು ಹಳೆಯ ಓದುಗರಿಗೆ ಗೊತ್ತು. ಏಗುವುದು ಬಡತನದ ಜೊತೆ, ಮೊಂಡು ಮಗನ ಜೊತೆ, ಅಂದರೆ ಬಿಟ್ಟುಹೋಗಲಾಗದ್ದರ ಜೊತೆ. ಹೋರಾಡುವುದಕ್ಕೆ ಎದುರಾಳಿ ಬೇಕು. ಪುಣೆ, ಸೊಲ್ಲಾಪುರದ ಕಡೆ ಇರುವ ನಮ್ಮ ಉತ್ತರ ಕರ್ನಾಟಕದವರಿಗೆ 'ಹೈರಾಣಾಗು' ಇದೆ, ಅದನ್ನು ಪಕ್ಕದ ಮನೆಯ ಮರಾಠಿಯವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ನನಗೆ ಇವುಗಳಲ್ಲೆಲ್ಲ ಇಷ್ಟವಾದದ್ದು ಹೆಣಗಾಡು. ಇದರಲ್ಲಿ ಹೆಣ ಇದೆ ಎಂದು ಹಲವರು ತಿಳಿದಿದ್ದಾರೆ, ಒಬ್ಬ ಹುಡುಗಿಯಂತೂ ಹೆಣ ಹೊರುವಷ್ಟು ಕಷ್ಟ ಎಂದು ಸೊಗಸಾದ ವಿವರಣೆಯನ್ನೇ ಕೊಟ್ಟಳು. ಹೆಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳಗನ್ನಡದಲ್ಲಿ ಇದು ಪೆಣಗು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೆಣಗು ಹೆಣಗಾಯಿತು. ಅದರ ನೆಂಟ ಪೆಣೆ, ಅಂದರೆ ಇಂದಿನ ಹೆಣೆ. ಚಾಪೆ ಹೆಣೆಯುತ್ತೇವೆ, ಜಡೆ ಹೆಣೆಯುತ್ತೇವೆ. ತಮಿಳಿನ 'ಪಿಣೈ' ಕೂಡ ಇದೇ ಕುಟುಂಬದ್ದು, ಅರ್ಥವೂ ಜೋಡಿಸು, ಹೆಣೆ ಎಂದೇ. ಎಳೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದೇ ಮೂಲ ಚಿತ್ರ. ಅದು ಅಂದವಾಗಿ ಆದರೆ ಹೆಣಿಗೆ, ಗೋಜಲಾದರೆ ಹೆಣಗಾಟ. ಪಾರಸಿಯಿಂದ ಬಂದ ಪೇಚು ಕೂಡ ತಿರುಚು, ಸುರುಳಿ ಎಂಬ ಅರ್ಥದ್ದು. ನಾವು ಪೇಚಿಗೆ ಸಿಕ್ಕುತ್ತೇವೆ, ಪೇಚಾಡುತ್ತೇವೆ. ಕಷ್ಟವನ್ನು ಗಂಟಾಗಿ ಕಾಣುವುದು ಕನ್ನಡಕ್ಕೆ ಹಿಡಿಸಿದ ಯೋಚನೆ ಇರಬೇಕು.

ಪದದ ಆಯ್ಕೆಯಿಂದ ಏನು ವ್ಯತ್ಯಾಸ ಎಂದು ಕೇಳುವವರಿಗೆ ಈ ಊರಿನದೇ ಒಂದು ಉದಾಹರಣೆ ಇದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಗಾಂವ್ ಎಂದೇ ಹೆಸರಾದ ಪರೇಲ್, ಲಾಲ್‌ಬಾಗ್‌ಗಳಲ್ಲಿ ಆ ವರ್ಷ ಏನಾಗುತ್ತಿತ್ತು? ಕಾರ್ಮಿಕರು ಹೋರಾಡುತ್ತಿದ್ದರು, ಅವರ ಮನೆಯವರು ಒದ್ದಾಡುತ್ತಿದ್ದರು, ಸಾಲಕ್ಕಾಗಿ ಪರದಾಡುತ್ತಿದ್ದರು. ಮೂರಕ್ಕೂ ಸ್ಟ್ರಗಲ್ ಹಾಕಿ ನೋಡಿ, ಚಾಳಿನ ಒಳಗೂ ಗಿರಣಿಯ ಬಾಗಿಲಲ್ಲೂ ಒಂದೇ ಸಂಗತಿ ನಡೆಯುತ್ತಿತ್ತು ಅನ್ನಿಸುತ್ತದೆ. ಆ ಮುಷ್ಕರವನ್ನು ಯಾರೂ ವಿಧಿಯುಕ್ತವಾಗಿ ಹಿಂದೆಗೆದುಕೊಳ್ಳಲೇ ಇಲ್ಲ. ಅದು ಕರಗಿಹೋಯಿತು. 'ಹೋರಾಡಿದರು' ಎಂದು ಬರೆದರೆ ಅದಕ್ಕೊಂದು ಕೊನೆ ಕೊಟ್ಟಂತಾಗುತ್ತದೆ, 'ಹೋರಾಡುತ್ತಿದ್ದರು' ಎಂಬಲ್ಲಿಗೆ ನಿಲ್ಲಿಸುವುದೇ ನಡೆದದ್ದಕ್ಕೆ ಹತ್ತಿರ.

ಹೀಗೆ ಧಾತು ಆರಿಸಿಕೊಂಡದ್ದಾಯಿತು. ಇನ್ನು ಅದರ ಬಾಲ, 'ಉತ್ತಿದ್ದೆ'.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಮೂರು ಕಾಲ: ವರ್ತಮಾನಕ್ಕೆ 'ಉತ್ತ', ಭೂತಕ್ಕೆ 'ದ', ಭವಿಷ್ಯಕ್ಕೆ 'ವ'. 'ಹೆಣಗಾಡುತ್ತಿದ್ದೆ' ಎಂಬುದನ್ನು ಬಿಡಿಸಿ ನೋಡಿ, ಹೆಣಗಾಡುತ್ತ ಇದ್ದೆ. ವರ್ತಮಾನದ 'ಉತ್ತ'ವೂ ಭೂತದ 'ದ'ಕಾರವೂ ಒಂದೇ ಪದದಲ್ಲಿ ಪಕ್ಕಪಕ್ಕದಲ್ಲಿ ಕೂತಿವೆ. ಹೆಣಗಾಟಕ್ಕೆ ಉತ್ತ, ಇರುವಿಕೆಗೆ ದ. ಹೆಣಗಾಟ ಮುಗಿಯಿತು ಎಂದು ಈ ಪದ ಹೇಳುವುದೇ ಇಲ್ಲ. 'ಇದ್ದೆ' ಮಾತ್ರ ಮುಗಿದದ್ದು. 'ಹೆಣಗಾಡಿದೆ' ಎಂದರೆ ಮಾತು ಅಲ್ಲಿಗೆ ನಿಲ್ಲಬಹುದು. 'ಹೆಣಗಾಡುತ್ತಿದ್ದೆ' ಎಂದರೆ ಎದುರಿಗಿದ್ದವರು 'ಆಮೇಲೆ?' ಎಂದು ಕೇಳಲೇಬೇಕು.

ಅಕ್ಕಪಕ್ಕದ ಭಾಷೆಗಳು ಇದನ್ನೇ ಬೇರೆ ಬೇರೆ ಸಾಮಾನಿನಿಂದ ಕಟ್ಟಿಕೊಂಡಿವೆ. ಹಿಂದಿಯ 'ಜೂಝ್ ರಹಾ ಥಾ'ದಲ್ಲಿರುವುದು 'ರಹನಾ', ಅಂದರೆ ಉಳಿಯುವುದು. ಮರಾಠಿ ನಮ್ಮ ಹಾಗೆಯೇ 'ಧಡಪಡತ್ ಹೋತೋ' ಎನ್ನುತ್ತದೆ. (ಮರಾಠಿಯ ಧಡಪಡಕ್ಕೆ ನಮ್ಮ ಒದ್ದಾಟದ ದೈನ್ಯವಿಲ್ಲ. ಸಾನೆ ಗುರೂಜಿ ತಮ್ಮ ಕಾದಂಬರಿಗೆ 'ಧಡಪಡಣಾರೀ ಮುಲೇ' ಎಂದು ಹೆಸರಿಟ್ಟದ್ದು ಏನಾದರೂ ಮಾಡಲು ಹಾತೊರೆಯುವ ಹುಡುಗರನ್ನು ಕುರಿತು. 'ಒದ್ದಾಡುವ ಮಕ್ಕಳು' ಎಂದು ಅನುವಾದಿಸಿದರೆ ಆಸ್ಪತ್ರೆಯ ವಾರ್ಡು ಕಣ್ಣಿಗೆ ಬಂದೀತು.) ತಮಿಳಿನವರು 'ಪೋರಾಡಿಕ್ಕೊಂಡಿರುಂದೇನ್' ಎನ್ನುತ್ತಾರೆ, ಅದರಲ್ಲಿ ನಮ್ಮ 'ಕೊಂಡು' ಇದೆ. ಚೆನ್ನೈಯ ಕನ್ನಡಿಗರು ಇದನ್ನು ಕೇಳಿ ಕೇಳಿ 'ಒದ್ದಾಡಿಕೊಂಡಿದ್ದೆ' ಎಂದರೆ ನಾನು ತಿದ್ದಲಾರೆ, ಏಕೆಂದರೆ ಅದೂ ಸರಿಯಾದ ಕನ್ನಡವೇ, ಅರ್ಥ ಮಾತ್ರ ಸ್ವಲ್ಪ ಬೇರೆ. ಒದ್ದಾಡುತ್ತಿದ್ದವನಿಗೆ ಬಿಡುಗಡೆಯ ಆಸೆ ಇದೆ, ಒದ್ದಾಡಿಕೊಂಡಿದ್ದವನು ಅದಕ್ಕೆ ಒಗ್ಗಿಹೋಗಿದ್ದಾನೆ. ನಮ್ಮಲ್ಲಿ ಅನೇಕರ ಮನೆಮಾತಾದ ತುಳುವಿನಲ್ಲೂ 'ಮಲ್ತೊಂದಿತ್ತೆ' ಎಂಬ ಜೋಡಣೆ ಇದೆ, ಮಾಡುತ್ತ ಇದ್ದೆ ಎಂದು.

ಇಲ್ಲಿಯವರೆಗೆ ಎಲ್ಲ ಸಲೀಸು. ತೊಡಕು ಇರುವುದು ಮುಂದೆ. ಇಂಗ್ಲಿಷ್ 'ವಾಸ್ ಸ್ಟ್ರಗ್ಲಿಂಗ್', 'ಯೂಸ್ಡ್ ಟು ಸ್ಟ್ರಗಲ್' ಎರಡನ್ನೂ ಬೇರೆ ಇಟ್ಟಿದೆ. ಹಿಂದಿಯೂ ಅಷ್ಟೆ. 'ತಡಪ್ ರಹೀ ಥೀ' ಎಂದರೆ ಆ ಹೊತ್ತಿನಲ್ಲಿ ಒದ್ದಾಡುತ್ತಿದ್ದಳು, 'ತಡಪತೀ ಥೀ' ಎಂದರೆ ಆಗಾಗ, ದಿನಾ, ಬಹುಕಾಲ. ಬರಹದ ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ. 'ನಿನ್ನೆ ನೀನು ಬಂದಾಗ ಅವಳು ಒದ್ದಾಡುತ್ತಿದ್ದಳು', 'ಮಳೆಗಾಲ ಬಂದರೆ ಅವಳು ಒದ್ದಾಡುತ್ತಿದ್ದಳು'. ಹೊತ್ತನ್ನು ಬೇರೊಂದು ಪದ ಹೇಳಬೇಕು, ಕ್ರಿಯಾಪದ ಹೇಳುವುದಿಲ್ಲ. ಧಾರವಾಡ, ಬಾಗಲಕೋಟೆಯ ಕಡೆಯ ಆಡುಮಾತಿಗೆ ಈ ಬಡತನವಿಲ್ಲ. ಅಲ್ಲಿ 'ಒದ್ದಾಡತಿದ್ದೆ' ಒಂದು, 'ಒದ್ದಾಡಾಕ ಹತ್ತಿದ್ದೆ' ಇನ್ನೊಂದು. ಬೆಂಕಿ ಹತ್ತಿತು ಎನ್ನುವಾಗಿನ ಅದೇ ಹತ್ತು, ಆ ಕ್ಷಣಕ್ಕೆ ಅಂಟಿಕೊಂಡದ್ದು. ಪ್ರಮಾಣ ಕನ್ನಡ ಬರೆಯುವವರು ಈ ರೂಪವನ್ನು ನಗೆಗೆ ಬಳಸುವುದನ್ನು ನೋಡಿದ್ದೇನೆ. ಅದರಲ್ಲಿ ತಮಗಿಲ್ಲದ ಒಂದು ಸೌಕರ್ಯ ಇದೆ ಎಂದು ಅವರಿಗೆ ಹೊಳೆದಂತಿಲ್ಲ.

ಈ ತೊಡಕು ಬರೀ ವ್ಯಾಕರಣದ್ದಲ್ಲ ಎಂದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಪರೇಲಿನ ಸುತ್ತಮುತ್ತಲಿನ ದೊಡ್ಡ ಆಸ್ಪತ್ರೆಗಳಿಗೆ ಕರ್ನಾಟಕದಿಂದ ರೋಗಿಗಳು ಬರುವುದು ಎಲ್ಲರಿಗೂ ಗೊತ್ತು. ಪರಿಚಯದವರು ಹೇಳಿಕಳಿಸಿದಾಗ ಮಾತು ತಿಳಿಸಿ ಹೇಳಲು ನಾನೂ ಹೋಗುತ್ತೇನೆ. ಒಮ್ಮೆ ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಜೊತೆಗೆ ಇಲ್ಲೇ ಓದುತ್ತಿದ್ದ ಮೊಮ್ಮಗ. ವೈದ್ಯರು ಏನು ತೊಂದರೆ ಎಂದು ಕೇಳಿದರು. ಅಜ್ಜಿ ಹೇಳಿದ್ದು, 'ರಾತ್ರಿ ಮಕ್ಕೊಂಡ್ರ ಉಸಿರು ಸಿಗದ ಒದ್ದಾಡತಿದ್ದೆ.' ಮೊಮ್ಮಗ ತಕ್ಷಣ ಹಿಂದಿಗೆ ತಿರುಗಿಸಿದ, 'ರಾತ್ ಕೋ ತಡಪ್ ರಹೀ ಥೀ.' ವೈದ್ಯರು ನಿನ್ನೆ ರಾತ್ರಿ ಎಂದು ಬರೆದುಕೊಳ್ಳಲು ಹೊರಟರು. ಹುಡುಗನ ಹಿಂದಿ ಶುದ್ಧವಾಗಿಯೇ ಇತ್ತು. ಆದರೆ ಕನ್ನಡದ ಒಂದು ರೂಪದ ಮುಂದೆ ಹಿಂದಿ ಎರಡು ಬಾಗಿಲು ತೆರೆದಿತ್ತು, ಅವನು ಒಂದರಲ್ಲಿ ಹೊಕ್ಕಿದ್ದ, ಅಷ್ಟೆ. ಅಜ್ಜಿ ನಿನ್ನೆಯ ರಾತ್ರಿಯ ಮಾತು ಆಡಿದ್ದರೆ 'ಒದ್ದಾಡಾಕ ಹತ್ತಿದ್ದೆ' ಎನ್ನುತ್ತಿದ್ದರಲ್ಲ ಎಂದು ನನಗೆ ಅನ್ನಿಸಿ, ಯಾವಾಗಿನಿಂದ ಎಂದು ಕೇಳಿದೆ. 'ದೀಪಾವಳಿಗಿಂತ ಮೊದಲs ಶುರುವಾತು' ಎಂದರು. ಆಗ ಮಾರ್ಚ್ ತಿಂಗಳು. ವೈದ್ಯರು ಪೆನ್ನು ಕೆಳಗಿಟ್ಟು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ಎದ್ದು ಕೂತರೆ ಕಡಿಮೆಯಾಗುತ್ತದೆಯೇ, ಕಾಲು ಬಾತಿದೆಯೇ ಎಂದು ಒಂದೊಂದಾಗಿ ಕೇಳತೊಡಗಿದರು. ಒಂದು ರಾತ್ರಿಯ ಉಬ್ಬಸಕ್ಕೂ ಐದು ತಿಂಗಳ ಉಬ್ಬಸಕ್ಕೂ ಅವರ ಲೆಕ್ಕದಲ್ಲಿ ದಾರಿ ಬೇರೆ.

ಅಂದಿನಿಂದ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸುತ್ತೇನೆ. ಮನೆಯ ಹಿರಿಯರು 'ಉತ್ತಿದ್ದೆ' ಎಂದು ಏನಾದರೂ ಹೇಳಿದರೆ ಅದನ್ನು ಅನುವಾದಿಸುವ ಮೊದಲು 'ಒಂದು ಸಲವೋ ದಿನಾಲೋ?' ಎಂದು ಕೇಳಬೇಕು. ಇನ್ನೊಂದು ಜೋಡಿಯನ್ನೂ ಕಿವಿಗೆ ರೂಢಿ ಮಾಡಿಸಬೇಕಾಗುತ್ತದೆ. 'ಒದ್ದಾಡ್ತಿದ್ದ', 'ಒದ್ದಾಡ್ತಿದಾನೆ'. ಬಾಯಿಮಾತಿನ ವೇಗದಲ್ಲಿ ಇವುಗಳ ನಡುವೆ ಇರುವುದು ಕೊನೆಯ ಒಂದು ತುಣುಕು. ಫೋನಿನಲ್ಲಿ ಅದು ಕೇಳಿಸದೆ ಹೋದರೆ ಊರಲ್ಲಿರುವ ಅಪ್ಪನ ಹೊಟ್ಟೆನೋವು ವಾಸಿಯಾಗಿದೆಯೋ ಈಗಲೂ ಇದೆಯೋ ತಿಳಿಯುವುದಿಲ್ಲ.

ಇದೇ 'ಉತ್ತಿದ್ದೆ' ನಮ್ಮ ಸಂಘಗಳ ಸ್ಮರಣ ಸಂಚಿಕೆಗಳ ತುಂಬ ಇದೆ. ಮುಂಬಯಿಗೆ ಬಂದ ಹಿರಿಯರು ತಮ್ಮ ಬದುಕು ಬರೆಯುವಾಗ ಒಂದು ಕ್ರಮವಿದೆ. 'ಹಗಲು ಹೋಟೆಲಿನಲ್ಲಿ ದುಡಿಯುತ್ತಿದ್ದೆ. ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಫೀಸಿಗೆ ಹೆಣಗಾಡುತ್ತಿದ್ದೆ.' ಅದಾದ ಮೇಲೆ ಇದ್ದಕ್ಕಿದ್ದಂತೆ, 'ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು.' ಮೊದಲ ಮೂರು ವಾಕ್ಯಗಳಲ್ಲಿ ಎಂಟು ಹತ್ತು ವರ್ಷ ಅಡಗಿದೆ, ನಾಲ್ಕನೆಯದರಲ್ಲಿ ಒಂದು ದಿನ. ಉತ್ತಿದ್ದೆ ಎಂಬುದು ವರ್ಷಗಳನ್ನು ಮಡಚಿ ಟ್ರಂಕಿನಲ್ಲಿಡಲು ಬಹಳ ಅನುಕೂಲದ ಪ್ರತ್ಯಯ. ಅದೇ ಅದರ ಅಪಾಯವೂ ಹೌದು. ಸಂಬಳ ಎಷ್ಟಿತ್ತು, ಊರಿಗೆ ಎಷ್ಟು ಮನಿಯಾರ್ಡರ್ ಹೋಗುತ್ತಿತ್ತು, ಎಲ್ಲಿ ಮಲಗುತ್ತಿದ್ದರು, ರಾತ್ರಿ ಶಾಲೆ ಮುಗಿಸಿ ಬಂದಾಗ ಊಟ ಎತ್ತಿಟ್ಟಿರುತ್ತಿದ್ದವರು ಯಾರು, ಯಾವ ವರ್ಷ ನಪಾಸಾದರು, ಯಾವುದೂ ಉಳಿಯುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಆ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ. ಹೋಟೆಲಿನ ಹುಡುಗರು ಊರಿಗೆ ಬರೆದ ಕಾಗದಗಳನ್ನು ಯಾರಾದರೂ ಕೂಡಿಟ್ಟದ್ದು ನನಗೆ ಗೊತ್ತಿಲ್ಲ. ನಮಗೆ ಉಳಿದಿರುವುದು ಅವರ ಬಾಯಿಮಾತು, ಅದೂ ಮಡಚಿದ ರೂಪದಲ್ಲಿ.

ಈ ಬರಹಗಳಲ್ಲಿ ಉತ್ತಿದ್ದೆಯ ಮೂರನೆಯ ಅವತಾರವೂ ಕಾಣಸಿಗುತ್ತದೆ. 'ಅವತ್ತು ಅವರು ಕೈಹಿಡಿಯದಿದ್ದರೆ ನಾನು ಇವತ್ತಿಗೂ ಒದ್ದಾಡುತ್ತಿದ್ದೆ.' ಇಲ್ಲಿ ಒದ್ದಾಟ ನಡೆದೇ ಇಲ್ಲ. ನಡೆಯಬಹುದಾಗಿತ್ತು, ತಪ್ಪಿತು. ನಡೆದ ಕಷ್ಟ, ನಡೆಯುತ್ತ ಬಂದ ಕಷ್ಟ, ನಡೆಯದೆ ತಪ್ಪಿದ ಕಷ್ಟ ಮೂರಕ್ಕೂ ಕನ್ನಡ ಒಂದೇ ರೂಪ ಕೊಟ್ಟು ಸುಮ್ಮನಾಗಿದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. 'ರೆ' ಕಾಣಿಸಿದರೆ ಮೂರನೆಯದಿರಬಹುದು ಎಂದು ಗುರುತು ಹೇಳಿಕೊಟ್ಟೆ. ಅದೂ ಎಲ್ಲ ಸಲ ನಡೆಯುವುದಿಲ್ಲ, 'ಮಳೆ ಬಂದರೆ ಒದ್ದಾಡುತ್ತಿದ್ದೆವು' ಎಂದರೆ ನಿಜವಾಗಿಯೂ ಒದ್ದಾಡಿದವರ ಮಾತು.

ಕಳೆದ ವರ್ಷ ತರಗತಿಯ ದೊಡ್ಡ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ತಮ್ಮ ಕಟ್ಟಡದಲ್ಲೋ ನೆಂಟರಲ್ಲೋ ಇರುವ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಅವರ ಮಾತಿನಲ್ಲಿ ಬರುವ ಒಂದೇ ಒಂದು 'ಉತ್ತಿದ್ದೆ'ಯನ್ನು ಬಿಡಿಸಿ ಬರಬೇಕು. ಯಾವಾಗಿನಿಂದ, ಯಾವಾಗಿನ ತನಕ, ಎಲ್ಲಿ, ಯಾರ ಜೊತೆ. ಕೆಲವರು ನಾಲ್ಕು ಸಾಲು ತಂದರು, ಒಬ್ಬಳು ಇಪ್ಪತ್ತು ಪುಟ ತಂದಳು, ಇಬ್ಬರು ಏನೂ ತರಲಿಲ್ಲ. ಒಬ್ಬ ಹುಡುಗನಿಗೆ ಮಾತು ಬರೆದುಕೊಳ್ಳುವುದು ಕಷ್ಟವಾದ್ದರಿಂದ ನಾನೂ ಅವನ ಜೊತೆ ಘಾಟ್‌ಕೋಪರ್‌ನ ಒಂದು ಮನೆಗೆ ಹೋದೆ. ಆ ಹಿರಿಯರು ಹದಿನಾಲ್ಕನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದವರು. ಮಾತಿನ ಆರಂಭದಲ್ಲೇ 'ಎಸ್ಸೆಸ್ಸಿ ಪಾಸು ಮಾಡಲಿಕ್ಕೆ ಒದ್ದಾಡುತ್ತಿದ್ದೆ ಮಾರಾಯ' ಎಂದರು. ಹುಡುಗ ಹೇಳಿಕೊಟ್ಟಂತೆ ಕೇಳಿದ, 'ಒದ್ದಾಡುತ್ತಿದ್ದೆ ಅಂದರೆ ಎಷ್ಟು ವರ್ಷ?'

ಅವರು ಬಹಳ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲವೇನೋ. ಆಮೇಲೆ ಲೆಕ್ಕ ಹಾಕತೊಡಗಿದರು. ಬಂದದ್ದು ಪುಣೆಯಲ್ಲಿ ಪಾನ್‌ಶೇತ್ ಅಣೆಕಟ್ಟು ಒಡೆದು ನೆರೆ ಬಂದ ವರ್ಷ, ಅಂದರೆ 1961. ಗಣಿತದಲ್ಲಿ ಎರಡು ಸಲ ಹೋಯಿತು, ಒಂದು ಸಲ ಪರೀಕ್ಷೆಗೆ ಕೂರಲು ಮಾಲೀಕರು ರಜೆ ಕೊಡಲಿಲ್ಲ. ಕೊಯ್ನಾದ ಭೂಕಂಪ ಮುಂಬಯಿಯನ್ನು ಅಲುಗಾಡಿಸಿದ ಬೆಳಗಿನ ಜಾವ, 1967ರ ಡಿಸೆಂಬರ್‌ನಲ್ಲಿ, ಅವರು ಹೋಟೆಲಿನ ಎರಡು ಮೇಜು ಜೋಡಿಸಿಕೊಂಡು ಮಲಗಿದ್ದರು, ತಲೆಯಡಿಯಲ್ಲಿ ಗಣಿತದ ಪುಸ್ತಕ ಇತ್ತು. 'ಅಂದರೆ ಆಗಲೂ ಒದ್ದಾಡುತ್ತಿದ್ದೆ. ಮರುವರ್ಷ ಪಾಸಾದೆ. ಬರೆದುಕೋ, ಏಳು ವರ್ಷ.'

ಹುಡುಗ ಬರೆದುಕೊಂಡ. ಒಳಗೆ ಚಹಾ ಸೋಸುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಹೇಳಿದರು, 'ಒಂಬತ್ತು ಅಂತ ಬರಿ. ಪಾಸಾದ ಮೇಲೆ ಎರಡು ವರ್ಷ ಕೆಲಸ ಸಿಗಲಿಲ್ಲ, ಅದನ್ನು ಅವರು ಯಾವಾಗಲೂ ಬಿಡುತ್ತಾರೆ.'